ಯುಎಫ್-6: ಗೋಗಿಯ ಕಲ್ಲಿನಲ್ಲಿ ಇಲ್ಲದ ಯುರೇನಿಯಂ ಗ್ಯಾಸಿನ ಕಥೆ

2025ರ ಜೂನ್‌ನಲ್ಲಿ ಇರಾನಿನ ನತಾಂಜ್, ಫೋರ್ಡೊ, ಇಸ್ಫಹಾನ್ ಪರಮಾಣು ಕೇಂದ್ರಗಳ ಮೇಲೆ ಬಾಂಬ್ ಬಿದ್ದಾಗ ‘ಯುರೇನಿಯಂ ಗ್ಯಾಸ್’ ಎಂಬ ಮಾತು ನಮ್ಮ ಟಿವಿ ಪರದೆಗಳಿಗೂ ಬಂತು. ದಾಳಿಗೆ ಮುಂಚೆ ಆ ದೇಶದಲ್ಲಿ 60 ಶೇಕಡಾ ಮಟ್ಟಕ್ಕೆ ಏರಿಸಿದ 440.9 ಕೆ.ಜಿ. ಯುರೇನಿಯಂ ಇತ್ತು ಎಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಲೆಕ್ಕ ಕೊಟ್ಟಿತು. ನತಾಂಜ್ ಕಟ್ಟಡದ ಒಳಗೆ ವಿಕಿರಣಕ್ಕಿಂತ ಈ ಗ್ಯಾಸಿನ ರಾಸಾಯನಿಕ ವಿಷವೇ ಮುಖ್ಯ ಚಿಂತೆ ಎಂದೂ ಅದೇ ಸಂಸ್ಥೆ ಹೇಳಿತು. ಯುರೇನಿಯಂ ಅಂದರೆ ವಿಕಿರಣ ಎಂದಷ್ಟೇ ತಿಳಿದವರಿಗೆ ಇದು ವಿಚಿತ್ರವಾಗಿ ಕೇಳಿಸಿರಬೇಕು.

ಯಾದಗಿರಿ ಜಿಲ್ಲೆಯವರಿಗೆ, ಅದರಲ್ಲೂ ಶಹಾಪುರದ ಕಡೆಯವರಿಗೆ, ಈ ಸುದ್ದಿ ಇನ್ನೊಂದು ಪ್ರಶ್ನೆಯನ್ನೂ ಎಬ್ಬಿಸುತ್ತದೆ. ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇದೆ ಎಂಬುದು ಮೂರು ದಶಕಗಳ ಹಳೆಯ ಸಂಗತಿ. ಹಾಗಾದರೆ ಟಿವಿಯವರು ಹೇಳುವ ಗ್ಯಾಸ್ ನಮ್ಮ ಕಾಲಡಿಯಲ್ಲೂ ಇದೆಯೇ?

ಇಲ್ಲ. ಅದು ಯಾವ ನೆಲದಲ್ಲೂ ಸಿಗುವುದಿಲ್ಲ, ಸಿಗಲು ಸಾಧ್ಯವೂ ಇಲ್ಲ. ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಈ ವಸ್ತು ಕಾರ್ಖಾನೆಯಲ್ಲೇ ಹುಟ್ಟಬೇಕು, ಮೊಹರು ಹಾಕಿದ ಉಕ್ಕಿನ ಸಿಲಿಂಡರಿನಲ್ಲೇ ಬದುಕಬೇಕು. ಒಂದು ಪರಮಾಣು ಯುರೇನಿಯಂಗೆ ಆರು ಪರಮಾಣು ಫ್ಲೋರಿನ್ ಅಂಟಿರುವುದರಿಂದ ಚಿಕ್ಕದಾಗಿ ಯುಎಫ್-6 ಎನ್ನುತ್ತಾರೆ. ಇದನ್ನು ಯಾಕೆ ಮಾಡುತ್ತಾರೆ, ಇದರ ಗುಣವೇನು, ನೀರು ಕಂಡರೆ ಇದಕ್ಕೇಕೆ ಆಗದು ಎಂಬುದನ್ನು ಗೋಗಿಯ ಕಲ್ಲಿನಿಂದಲೇ ಶುರು ಮಾಡಿ ನೋಡೋಣ.

ಗೋಗಿಯಲ್ಲಿ ಇರುವುದೇನು

ಇತಿಹಾಸ ಓದಿದವರಿಗೆ ಗೋಗಿ ಅಂದರೆ ಚಂದಾ ಹುಸೇನಿಯವರ ದರ್ಗಾ. ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್‌ಶಾಹನ ಸಮಾಧಿ ಇರುವುದೂ ಅಲ್ಲೇ. ಭೂವಿಜ್ಞಾನಿಗಳಿಗೆ ಮಾತ್ರ ಗೋಗಿ ಅಂದರೆ ಭೀಮಾ ಕಣಿವೆಯ ಸುಣ್ಣಕಲ್ಲು ಮತ್ತು ಅದರ ತಳದ ಗ್ರಾನೈಟ್ ಸೇರುವ ಕಡೆ ನೆಲ ಬಿರಿದು ಸರಿದ ಒಂದು ಗೆರೆ. ಕೇಂದ್ರ ಪರಮಾಣು ಶಕ್ತಿ ಇಲಾಖೆಯ ಖನಿಜ ನಿರ್ದೇಶನಾಲಯ 1990ರ ದಶಕದಲ್ಲಿ ಈ ಗೆರೆಯುದ್ದಕ್ಕೂ ಕೊರೆದು ನೋಡಿದಾಗ ಯುರೇನಿಯಂ ಸಿಕ್ಕಿತು. ಆಮೇಲೆ ಭಾರತೀಯ ಯುರೇನಿಯಂ ನಿಗಮ ಅಲ್ಲಿ ಅನ್ವೇಷಣಾ ಗಣಿ ತೋಡಿತು. ಊರಿನವರು ವಿರೋಧಿಸಿದ್ದೂ ಈ ಭಾಗದವರಿಗೆಲ್ಲ ನೆನಪಿದೆ.

ಕಲ್ಲಿನೊಳಗೆ ಅದು ಇರುವುದು ಮುಖ್ಯವಾಗಿ ಎರಡು ರೂಪದಲ್ಲಿ. ಒಂದು, ಪಿಚ್‌ಬ್ಲೆಂಡ್ ಎಂಬ ಕಪ್ಪು ಆಕ್ಸೈಡ್. ಇನ್ನೊಂದು, ಸಿಲಿಕಾ ಜೊತೆ ಸೇರಿದ ಕಾಫಿನೈಟ್. ಬೂದು ಬಣ್ಣದ ಒಡಕಲು ಸುಣ್ಣಕಲ್ಲಿನ ಬಿರುಕುಗಳಲ್ಲಿ ಕಪ್ಪು ಎಳೆಗಳಾಗಿ ಇವು ಕೂತಿರುತ್ತವೆ. ಜಾರ್ಖಂಡಿನ ಜಾದುಗುಡದ ಅದಿರಿಗಿಂತ ಗೋಗಿಯ ಅದಿರಿನಲ್ಲಿ ಯುರೇನಿಯಂ ಅಂಶ ಹೆಚ್ಚು. ಹೆಚ್ಚು ಅಂದರೂ ನೂರು ಕೆ.ಜಿ. ಕಲ್ಲು ಅಗೆದರೆ ಸಿಗುವುದು ಗ್ರಾಂಗಳ ಲೆಕ್ಕದಲ್ಲೇ. ಈ ಎರಡೂ ಖನಿಜಗಳು ಗಟ್ಟಿ. ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಆವಿಯಾಗುವ ಮಾತಂತೂ ಇಲ್ಲವೇ ಇಲ್ಲ.

ಇಂಥ ಕಲ್ಲಿನಿಂದ ಯುರೇನಿಯಂ ಬಿಡಿಸುವ ವಿಧಾನವನ್ನು ತೀರ್ಮಾನಿಸುವುದು ನಮ್ಮ ಸುಣ್ಣಕಲ್ಲೇ. ಜಾದುಗುಡದಲ್ಲಿ ಅದಿರನ್ನು ಪುಡಿ ಮಾಡಿ ಗಂಧಕಾಮ್ಲ ಹಾಕುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಶಹಾಬಾದ್ ಫರ್ಸಿ ಹಾಸಿದ ಮನೆಯಲ್ಲಿ ನಿಂಬೆರಸ ಚೆಲ್ಲಿದರೆ ಹೊಳಪು ಹೋಗಿ ಬಿಳಿ ಕಲೆ ಉಳಿಯುವುದನ್ನು ಕಂಡಿರುತ್ತೀರಿ. ಹುಳಿ ಅಲ್ಲಿ ಕಲ್ಲನ್ನೇ ತಿಂದಿರುತ್ತದೆ. ಸುಣ್ಣಕಲ್ಲಿನ ಅದಿರಿಗೆ ಆಮ್ಲ ಸುರಿದರೂ ಅಷ್ಟೇ, ಆಮ್ಲವೆಲ್ಲ ಸುಣ್ಣದ ಜೊತೆ ಸೆಣಸಿಯೇ ಖರ್ಚಾಗುತ್ತದೆ, ಯುರೇನಿಯಂ ತನಕ ಮುಟ್ಟುವುದೇ ಇಲ್ಲ. ಅದಕ್ಕೇ ಇಂಥ ಅದಿರಿಗೆ ಬಟ್ಟೆ ಒಗೆಯುವ ಸೋಡಾ ಮತ್ತು ಅಡುಗೆ ಸೋಡಾದ ದ್ರಾವಣ ಬೇಕು, ಜೊತೆಗೆ ಆಮ್ಲಜನಕ, ಬಿಸಿ, ಒತ್ತಡ. ಆಂಧ್ರದ ಕಡಪ ಸೀಮೆಯ ತುಮ್ಮಲಪಲ್ಲೆಯಲ್ಲಿ ನಡೆಯುವುದು ಇದೇ ಕ್ಷಾರದ ವಿಧಾನ. ಕೊನೆಗೆ ಉಳಿಯುವುದು ಹಳದಿ ಪುಡಿ. ಇಂಗ್ಲಿಷಿನಲ್ಲಿ ಇದನ್ನು ಯೆಲ್ಲೋಕೇಕ್ ಅನ್ನುತ್ತಾರೆ.

ಗಮನಿಸಿ, ಇಲ್ಲಿಯ ತನಕ ಫ್ಲೋರಿನ್ ಎಲ್ಲೂ ಬಂದಿಲ್ಲ.

ಕೈಗಾಕ್ಕೆ ಈ ಗ್ಯಾಸ್ ಬೇಡ

ಹಳದಿ ಪುಡಿಯಿಂದ ಮುಂದೆ ದಾರಿ ಎರಡಾಗುತ್ತದೆ. ಕಾರವಾರದ ಕೈಗಾದಲ್ಲಿ ಈಗ ನಡೆಯುತ್ತಿರುವುದು 220 ಮೆಗಾವಾಟಿನ ನಾಲ್ಕು ಘಟಕಗಳು. ನಾಲ್ಕೂ ಭಾರಜಲದ (ಭಾರದ ಹೈಡ್ರೋಜನ್ ಇರುವ ನೀರಿನ) ರಿಯಾಕ್ಟರುಗಳು. ಇವು ನೆಲದಿಂದ ಬಂದ ಯುರೇನಿಯಂ ಹೇಗಿದೆಯೋ ಹಾಗೇ ಬಳಸುತ್ತವೆ. ಹಳದಿ ಪುಡಿಯನ್ನು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣಕ್ಕೆ ಒಯ್ದು, ಶುದ್ಧ ಮಾಡಿ, ಆಕ್ಸೈಡಿನ ಸಣ್ಣ ಬಿಲ್ಲೆಗಳಾಗಿ ಒತ್ತಿ, ಕುಲುಮೆಯಲ್ಲಿ ಸುಟ್ಟು, ಕೊಳವೆಗಳಲ್ಲಿ ತುಂಬುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು. ಈ ದಾರಿಯಲ್ಲಿ ಯುಎಫ್-6 ಹುಟ್ಟುವುದೇ ಇಲ್ಲ.

ಎರಡನೇ ದಾರಿ ಸಂವರ್ಧನೆಯದು. 1969ರಲ್ಲಿ ಶುರುವಾದ ತಾರಾಪುರದ ಮೊದಲೆರಡು ಘಟಕಗಳು, ತಮಿಳುನಾಡಿನ ಕೂಡಂಕುಳಂ, ಅಮೆರಿಕ–ಫ್ರಾನ್ಸ್‌ಗಳ ಬಹುಪಾಲು ರಿಯಾಕ್ಟರುಗಳು ಸಾದಾ ನೀರನ್ನು ಬಳಸುತ್ತವೆ. ಅವಕ್ಕೆ ನೆಲದ ಯುರೇನಿಯಂ ಹಾಗೇ ಕೊಟ್ಟರೆ ಉರಿ ಹತ್ತುವುದಿಲ್ಲ. ಸ್ವಲ್ಪ ‘ಗಟ್ಟಿ’ ಮಾಡಿ ಕೊಡಬೇಕು. ನಮ್ಮ ರಾಜ್ಯದಲ್ಲೇ ಮೈಸೂರಿನ ಹತ್ತಿರದ ರತ್ನಹಳ್ಳಿಯಲ್ಲಿ ಕೇಂದ್ರ ಸರಕಾರದ ಸಂವರ್ಧನಾ ಘಟಕವಿದೆ. ಇರಾನಿನ ಸುದ್ದಿಯಲ್ಲಿ ಬರುವುದೂ ಈ ದಾರಿಯೇ.

ಲೋಹವನ್ನು ಗಾಳಿಯಾಗಿಸುವುದು ಯಾಕೆ

ನೆಲದಿಂದ ಬಂದ ಸಾವಿರ ಯುರೇನಿಯಂ ಪರಮಾಣು ಎಣಿಸಿದರೆ 993 ಒಂದು ಬಗೆ, ಉಳಿದ ಏಳು ಇನ್ನೊಂದು ಬಗೆ. ಮೊದಲನೆಯದರ ತೂಕ 238, ಎರಡನೆಯದರದು 235. ಒಂದೇ ಮೂಲವಸ್ತುವಿನ ಇಂಥ ತೂಕ ಬೇರೆಯಾದ ಪರಮಾಣುಗಳಿಗೆ ಐಸೋಟೋಪು ಎನ್ನುತ್ತಾರೆ. ರಿಯಾಕ್ಟರಿನಲ್ಲಿ ಸುಲಭವಾಗಿ ಒಡೆದು ಶಕ್ತಿ ಕೊಡುವುದು ಆ ಏಳು ಮಾತ್ರ. ಸಾವಿರಕ್ಕೆ ಏಳಿದ್ದುದನ್ನು ಮೂವತ್ತರಿಂದ ಐವತ್ತಕ್ಕೆ ಏರಿಸಿದರೆ ಸಾದಾ ನೀರಿನ ರಿಯಾಕ್ಟರಿಗೆ ಇಂಧನ. ಇನ್ನೂರು ದಾಟಿದರೆ ಅದನ್ನು ಅತಿ ಸಂವರ್ಧಿತ ಎನ್ನುತ್ತಾರೆ. ಇರಾನಿನ 60 ಶೇಕಡಾ ಅಂದರೆ ಸಾವಿರಕ್ಕೆ ಆರುನೂರು. ಒಂಬೈನೂರರ ಆಸುಪಾಸು ಬಾಂಬಿನ ಮಟ್ಟ. ಏರಿಸುವ ಈ ಕೆಲಸದ ಹೆಸರೇ ಸಂವರ್ಧನೆ.

ಕಷ್ಟ ಇರುವುದು ಇಲ್ಲಿ. ಎರಡೂ ಯುರೇನಿಯಮ್ಮೇ. ಬಣ್ಣ ಒಂದೇ, ಗುಣ ಒಂದೇ, ಯಾವ ಆಮ್ಲದಲ್ಲಿ ಒಂದು ಕರಗುತ್ತದೋ ಇನ್ನೊಂದೂ ಕರಗುತ್ತದೆ. ರಸಾಯನಶಾಸ್ತ್ರದ ಮಾಮೂಲಿ ಉಪಾಯಗಳು ಇಲ್ಲಿ ಕೈಕೊಡುತ್ತವೆ. ಹಿಡಿಯಲು ಸಿಗುವ ವ್ಯತ್ಯಾಸ ತೂಕ ಒಂದೇ.

ತೂಕದ ಮೇಲೆ ಬೇರೆ ಮಾಡುವುದು ತೊಗರಿ ಬೆಳೆಯುವ ಕಲಬುರಗಿ ಸೀಮೆಗೆ ಹೊಸದೇನಲ್ಲ. ರಾಶಿ ಮಾಡುವಾಗ ಮೊರದಿಂದ ಗಾಳಿಗೆ ತೂರಿದರೆ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಆದರೆ ತೂರಬೇಕಾದರೆ ಕಾಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಗಾಳಿಯಲ್ಲಿ ಇರಬೇಕು. ಮುದ್ದೆ ಕಟ್ಟಿದ್ದನ್ನು ಯಾರೂ ತೂರಲಾರರು. ಯುರೇನಿಯಂ ಲೋಹದ ಪರಮಾಣುಗಳು ಒಂದನ್ನೊಂದು ಬಿಗಿದು ಹಿಡಿದಿರುತ್ತವೆ. ಅದು ಕುದಿಯಬೇಕಾದರೆ 4,000 ಡಿಗ್ರಿಗೂ ಮೇಲೆ ಕಾಯಿಸಬೇಕು. ಅಷ್ಟು ಬಿಸಿಯಲ್ಲಿ ತಿರುಗುವ ಯಂತ್ರ ಮಾಡುವವರು ಯಾರು? ಹಾಗಾಗಿ ಕಡಿಮೆ ಬಿಸಿಯಲ್ಲೇ ಆವಿಯಾಗುವ ಯುರೇನಿಯಂ ಸಂಯುಕ್ತ ಬೇಕಾಯಿತು. ಯುಎಫ್-6 ಬಂದದ್ದು ಹೀಗೆ.

ಸೆಂಟ್ರಿಫ್ಯೂಜ್ ಎಂಬ ಉದ್ದನೆಯ ಕೊಳವೆ ಶಬ್ದಕ್ಕಿಂತ ವೇಗವಾಗಿ ತಿರುಗುತ್ತದೆ. ಒಳಗಿನ ಆವಿಯಲ್ಲಿ ಭಾರದ ಅಣುಗಳು ತುಸು ಹೆಚ್ಚಾಗಿ ಗೋಡೆಯ ಕಡೆ ಸರಿಯುತ್ತವೆ, ಹಗುರದವು ತುಸು ಹೆಚ್ಚಾಗಿ ನಡುವೆ ಉಳಿಯುತ್ತವೆ. ಒಂದು ಅಣುವಿನ ತೂಕ 352, ಇನ್ನೊಂದರದು 349. ಅಂತರ ನೂರಕ್ಕೆ ಒಂದೂ ಇಲ್ಲ. ಅದಕ್ಕೇ ಒಂದು ಯಂತ್ರದಿಂದ ಬಂದದ್ದನ್ನು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕೊಡುತ್ತಾ ಸಾವಿರಾರು ಯಂತ್ರಗಳ ಸಾಲು ಕಟ್ಟುತ್ತಾರೆ.

ಫ್ಲೋರಿನ್ನೇ ಯಾಕೆ ಬೇಕು

ಕ್ಲೋರಿನ್ ಅಗ್ಗ, ಪಳಗಿಸುವುದೂ ಸುಲಭ. ಆದರೂ ಅದನ್ನು ಬಿಟ್ಟು ಫ್ಲೋರಿನ್ ಹಿಡಿಯಲು ಎರಡು ಕಾರಣಗಳಿವೆ.

ಮೊದಲನೆಯದು ಸೊಗಸಾದ ಕಾಕತಾಳೀಯ. ಪ್ರಕೃತಿಯಲ್ಲಿ ಫ್ಲೋರಿನ್ ಪರಮಾಣು ಒಂದೇ ತೂಕದ್ದು, 19. ಕ್ಲೋರಿನ್ನಿನಲ್ಲಿ 35, 37 ಎಂದು ಎರಡು ಬಗೆ. ಕ್ಲೋರಿನ್ ಸೇರಿಸಿ ಅಣು ಮಾಡಿದರೆ ತೂಕದ ವ್ಯತ್ಯಾಸ ಯುರೇನಿಯಂನಿಂದ ಬಂತೋ ಕ್ಲೋರಿನ್ನಿನಿಂದ ಬಂತೋ ತಿಳಿಯದೆ ಎಲ್ಲ ಕಲಸಿಹೋಗುತ್ತದೆ. ಫ್ಲೋರಿನ್ ಆದರೆ ಆ ತಕರಾರಿಲ್ಲ. ಆರು ಫ್ಲೋರಿನ್ನಿನ ತೂಕ ಯಾವಾಗಲೂ 114, ಅಂತರ ಏನೇ ಇದ್ದರೂ ಅದು ಯುರೇನಿಯಂದೇ.

ಎರಡನೆಯದು ಅಣುವಿನ ಆಕಾರ. ಯುರೇನಿಯಂ ನಡುವೆ ಕೂತು, ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೆ ಒಂದೊಂದು ಫ್ಲೋರಿನ್ ನಿಲ್ಲುತ್ತದೆ. ನಡುವಿನ ಲೋಹ ಪೂರಾ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡುವ ಪಕ್ಕದ ಅಣುವಿಗೆ ಕಾಣುವುದು ಫ್ಲೋರಿನ್ ಮಾತ್ರ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹಾಗಾಗಿ ಅಣುಗಳ ನಡುವಿನ ಸೆಳೆತ ತೀರಾ ಕಡಿಮೆ. ಕೋಣೆಯ ಬಿಸಿಯಲ್ಲಿ ಯುಎಫ್-6 ಬಿಳಿ ಹರಳು. ಸಾಮಾನ್ಯ ಒತ್ತಡದಲ್ಲಿ ಸುಮಾರು 56.5 ಡಿಗ್ರಿಗೆ, ಕರಗದೆಯೇ, ನೇರವಾಗಿ ಆವಿಯಾಗುತ್ತದೆ. ಯಾದಗಿರಿಯ ಮೇ ತಿಂಗಳ 44-45 ಡಿಗ್ರಿಗೆ ಇನ್ನೊಂದು ಹನ್ನೆರಡು ಡಿಗ್ರಿ ಸೇರಿಸಿದರೆ ಅಷ್ಟಾಯಿತು. ಅಂದರೆ ‘ಯುರೇನಿಯಂ ಗ್ಯಾಸ್’ ಎಂಬ ಮಾತು ಅರ್ಧ ಸರಿ. ಸಿಲಿಂಡರಿನಲ್ಲಿ ಇಟ್ಟಾಗ ಅದು ಹೆಪ್ಪುಗಟ್ಟಿದ ಘನವಸ್ತು, ಯಂತ್ರಕ್ಕೆ ಬಿಡುವಾಗ ಮಾತ್ರ ಗ್ಯಾಸ್.

ಅದೇ ಯುರೇನಿಯಂಗೆ ಆರರ ಬದಲು ನಾಲ್ಕು ಫ್ಲೋರಿನ್ ಸೇರಿದರೆ ಕಥೆಯೇ ಬೇರೆ. ನಡುವಿನ ಲೋಹ ಪೂರ್ತಿ ಮುಚ್ಚುವುದಿಲ್ಲ, ಪಕ್ಕದ ಫ್ಲೋರಿನ್ನನ್ನೂ ಸೆಳೆದುಕೊಳ್ಳುತ್ತದೆ, ಎಲ್ಲ ಸೇರಿ ಬಿಗಿಯಾದ ಹಸಿರು ಪುಡಿಯಾಗುತ್ತದೆ. ಈ ಹಸಿರು ಉಪ್ಪು ಕರಗಲು 1,036 ಡಿಗ್ರಿ ಬೇಕು. ಎರಡೇ ಎರಡು ಪರಮಾಣುವಿಗೆ ಇಷ್ಟು ಅಂತರ.

ಕಾರ್ಖಾನೆಯಲ್ಲಿ ಯುಎಫ್-6 ಮಾಡುವುದೂ ಈ ಹಸಿರು ಉಪ್ಪಿನ ಮೂಲಕವೇ. ಹಳದಿ ಪುಡಿಯನ್ನು ಶುದ್ಧ ಆಕ್ಸೈಡ್ ಮಾಡಿ, ಹೈಡ್ರೋಜನ್ ಫ್ಲೋರೈಡ್ ಹಾಯಿಸಿ ಹಸಿರು ಉಪ್ಪು ಮಾಡಿ, ಕೊನೆಗೆ ಅಪ್ಪಟ ಫ್ಲೋರಿನ್ ಅನಿಲದಲ್ಲಿ ಉರಿಸುತ್ತಾರೆ. ಫ್ಲೋರಿನ್ನಿನಷ್ಟು ಆತುರದಿಂದ ಎಲೆಕ್ಟ್ರಾನು ಕಸಿಯುವ ಮೂಲವಸ್ತು ಇನ್ನೊಂದಿಲ್ಲ. 1886ರಲ್ಲಿ ಫ್ರಾನ್ಸಿನ ಹೆನ್ರಿ ಮೊಯ್ಸಾನ್ ಅದನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಆ ಕೆಲಸಕ್ಕೆ 1906ರ ನೊಬೆಲ್ ಬಹುಮಾನ ಬಂತು.

ನೀರು ತಾಗಿದರೆ ಏನಾಗುತ್ತದೆ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಯುಎಫ್-6ಕ್ಕೆ ಒಣ ಗಾಳಿಯಿಂದ ತೊಂದರೆ ಇಲ್ಲ. ಆಮ್ಲಜನಕ, ಸಾರಜನಕ, ಇಂಗಾಲದ ಡೈಆಕ್ಸೈಡ್ ಯಾವುದರ ಜೊತೆಗೂ ಅದು ತಕರಾರು ತೆಗೆಯುವುದಿಲ್ಲ. ತಕರಾರು ಇರುವುದು ನೀರಿನ ಜೊತೆ. ನೀರಿನ ಅಣು ಸಿಕ್ಕ ಕೂಡಲೇ ಯುರೇನಿಯಂ ತನ್ನ ನಾಲ್ಕು ಫ್ಲೋರಿನ್ ಬಿಟ್ಟು ಎರಡು ಆಮ್ಲಜನಕ ಕಟ್ಟಿಕೊಳ್ಳುತ್ತದೆ. ಅದು ಯುರೇನೈಲ್ ಫ್ಲೋರೈಡ್ ಎಂಬ ಹಳದಿ ಛಾಯೆಯ ಪುಡಿ. ಬಿಟ್ಟ ಫ್ಲೋರಿನ್ ನೀರಿನ ಹೈಡ್ರೋಜನ್ ಹಿಡಿದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಅದು ನೀರಲ್ಲಿ ಬೆರೆತರೆ ಹೈಡ್ರೋಫ್ಲೋರಿಕ್ ಆಮ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಕೆ.ಜಿ. ಯುಎಫ್-6 ಪೂರ್ತಿ ಒಡೆಯಲು ಬೇಕಾದ ನೀರು ಸುಮಾರು 102 ಗ್ರಾಂ, ಅರ್ಧ ಲೋಟ. ಆಮೇಲೆ ಉಳಿಯುವುದು 875 ಗ್ರಾಂ ಹಳದಿ ಪುಡಿ, 227 ಗ್ರಾಂ ಹೈಡ್ರೋಜನ್ ಫ್ಲೋರೈಡ್. ಅರ್ಧ ಲೋಟ ನೀರನ್ನು ಯಾರೂ ಸುರಿಯಬೇಕಾಗಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಮಳೆಗಾಲದ ಗಾಳಿ ತುಂಬಿದ್ದರೆ ಅದರಲ್ಲೇ ಇದರ ಐದಾರು ಪಟ್ಟು ನೀರಾವಿ ಇರುತ್ತದೆ.

ಹಾಗಾಗಿ ವಾಲ್ವಿನಿಂದ ಯುಎಫ್-6 ಸೋರಿದರೆ ಮೊದಲು ಕಾಣುವುದು ಬಿಳಿ ಹೊಗೆ. ಬೆಂಕಿ ಇಲ್ಲದ ಹೊಗೆ. ಹೈಡ್ರೋಜನ್ ಫ್ಲೋರೈಡ್ ಗಾಳಿಯ ತೇವ ಹೀರಿ ಮಂಜಾಗಿರುತ್ತದೆ, ಅದರೊಳಗೆ ಯುರೇನಿಯಂ ಪುಡಿಯ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ವಾಲ್ವಿನ ಸುತ್ತ ಪುಡಿ ಕಟ್ಟಿಕೊಳ್ಳುತ್ತದೆ. ತೂತು ತೀರಾ ಸಣ್ಣದಿದ್ದರೆ ಆ ಪುಡಿಯೇ ಬಿರಡೆಯಾಗಿ ಸೋರಿಕೆಯನ್ನು ತಾನಾಗಿ ತಡೆಯುವುದೂ ಉಂಟು.

ಕೊಲ್ಲುವುದು ಹೈಡ್ರೋಜನ್ ಫ್ಲೋರೈಡ್. ಗಂಧಕಾಮ್ಲ ಚರ್ಮದ ಮೇಲೆ ಬಿದ್ದರೆ ಮೇಲಿಂದ ಸುಡುತ್ತದೆ, ತಕ್ಷಣ ಗೊತ್ತಾಗುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮ ದಾಟಿ ಒಳಗೆ ಇಳಿಯುತ್ತದೆ. ತೆಳು ದ್ರಾವಣ ತಾಗಿದ್ದರೆ ಎಷ್ಟೋ ತಾಸಿನ ತನಕ ನೋವೇ ಕಾಣಿಸದೆ ಇರಬಹುದು. ಒಳಗಿಳಿದ ಫ್ಲೋರೈಡ್ ರಕ್ತದ, ಮೂಳೆಯ ಕ್ಯಾಲ್ಸಿಯಂ ಹಿಡಿದು ಕರಗದ ಉಪ್ಪು ಮಾಡುತ್ತದೆ. ಹೃದಯ ಬಡಿಯಲು ರಕ್ತದಲ್ಲಿ ಕ್ಯಾಲ್ಸಿಯಂ ಬೇಕೇಬೇಕು. ಅದು ಕುಸಿದರೆ ಬಡಿತದ ಲಯ ತಪ್ಪುತ್ತದೆ. ಈ ಆಮ್ಲ ಬಳಸುವ ಕಾರ್ಖಾನೆಗಳಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಕೈಗೆಟಕುವಂತೆ ಇಡುವುದು ಇದಕ್ಕೇ. ಗಾಯದ ಮೇಲೆ ಹಚ್ಚಿದರೆ ಫ್ಲೋರೈಡ್ ಮೈಯ ಕ್ಯಾಲ್ಸಿಯಂ ಬಿಟ್ಟು ಮುಲಾಮಿನ ಕ್ಯಾಲ್ಸಿಯಂ ಹಿಡಿಯುತ್ತದೆ.

ಹಳದಿ ಪುಡಿಯೂ ಸಾಧುವಲ್ಲ. ನೀರಿನಲ್ಲಿ ಬೇಗ ಕರಗುತ್ತದೆ. ಉಸಿರಿನ ಜೊತೆ ಒಳಹೋದರೆ ರಕ್ತ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಇದೂ ಭಾರಲೋಹದ ವಿಷವೇ, ವಿಕಿರಣದ ಪಾತ್ರ ಇಲ್ಲಿ ಸಣ್ಣದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಅಷ್ಟು ನಿಧಾನಕ್ಕೆ ಕ್ಷಯಿಸುವ ವಸ್ತು ಹೊರಸೂಸುವ ವಿಕಿರಣವೂ ಕಡಿಮೆ. ಆದರೆ ಹೆಚ್ಚು ಸಂವರ್ಧಿತ ಯುಎಫ್-6 ಒಂದೇ ಕಡೆ ಗುಡ್ಡೆಯಾದರೆ ತಾನಾಗಿ ಸರಣಿ ಕ್ರಿಯೆ ಶುರುವಾಗುವ ಇನ್ನೊಂದು ಅಪಾಯ ಇದೆ. ಅದಕ್ಕೇ ಅಂಥದ್ದನ್ನು ಸಣ್ಣ ಸಿಲಿಂಡರುಗಳಲ್ಲಿ, ದೂರ ದೂರ ಇಡುತ್ತಾರೆ.

1986ರ ಒಂದು ಸಿಲಿಂಡರು

ಅಮೆರಿಕದ ಓಕ್ಲಹೋಮ ರಾಜ್ಯದ ಗೋರ್ ಎಂಬ ಊರಿನ ಕಾರ್ಖಾನೆಯಲ್ಲಿ 1986ರ ಜನವರಿ 4ರಂದು ನಡೆದ ಅನಾಹುತ ಇದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಯುಎಫ್-6 ತುಂಬುವಾಗ ಸಿಲಿಂಡರು ತಕ್ಕಡಿಯ ಮೇಲೆ ಸರಿಯಾಗಿ ಕೂತಿರಲಿಲ್ಲ. ತಕ್ಕಡಿ ಕಡಿಮೆ ತೋರಿಸಿತು, ತುಂಬಿದ್ದು ಮಿತಿ ಮೀರಿತು. ತಪ್ಪು ಗೊತ್ತಾದಾಗ ಹೆಚ್ಚಿನದನ್ನು ಹೊರತೆಗೆಯಬೇಕಾಯಿತು. ಅಷ್ಟರಲ್ಲಿ ಒಳಗಿನದು ಗಟ್ಟಿಯಾಗಿತ್ತು. ಕರಗಿಸಲು, ನಿಯಮ ಮೀರಿ, ಸಿಲಿಂಡರಿಗೆ ಹಬೆ ಕೊಟ್ಟರು.

ಯುಎಫ್-6 ಕರಗಿದಾಗ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. ಮಿತಿಯೊಳಗೆ ತುಂಬಿದ ಸಿಲಿಂಡರಿನಲ್ಲಿ ಹಿಗ್ಗಲು ಜಾಗ ಬಿಟ್ಟಿರುತ್ತಾರೆ. ಇದರಲ್ಲಿ ಜಾಗವೇ ಇರಲಿಲ್ಲ. ಉಕ್ಕು ಸೀಳಿತು, ಬಿಳಿ ಮೋಡ ಕಾರ್ಖಾನೆಯ ಮೇಲೆ ಎದ್ದಿತು. ಒಬ್ಬ ಕಾರ್ಮಿಕ ಸತ್ತ. ಸಾವಿಗೆ ಕಾರಣ ಹೈಡ್ರೋಜನ್ ಫ್ಲೋರೈಡ್ ಉಸಿರಾಡಿದ್ದು.

ಇಡುವುದು ಯಾವುದರಲ್ಲಿ

ಎದುರಿಗೆ ಸಿಕ್ಕಿದ್ದನ್ನು ತಿನ್ನುವ ಇಂಥ ವಸ್ತುವನ್ನು ಉಕ್ಕಿನಲ್ಲಿ ಹೇಗೆ ಇಡುತ್ತಾರೆ ಎಂಬ ಅನುಮಾನ ಬರುವುದು ಸಹಜ. ಉಕ್ಕು, ನಿಕ್ಕಲ್, ಅಲ್ಯುಮಿನಿಯಂ ಯುಎಫ್-6ಕ್ಕೆ ಮೊದಲು ಮೈಯೊಡ್ಡಿದಾಗ ಮೇಲ್ಮೈಯಲ್ಲಿ ಆ ಲೋಹದ ಫ್ಲೋರೈಡಿನ ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಫ್ಲೋರಿನ್ನಿಗೆ ಆಗಲೇ ಶರಣಾದದ್ದು, ಅದರ ಮೇಲೆ ಮತ್ತೆ ದಾಳಿ ನಡೆಯುವುದಿಲ್ಲ. ಅಡಿಯ ಲೋಹ ಉಳಿದುಕೊಳ್ಳುತ್ತದೆ.

ಗಾಜಿನ ಕಥೆ ಉಲ್ಟಾ. ಅಪ್ಪಟ ಒಣ ಯುಎಫ್-6 ಗಾಜನ್ನು ಏನೂ ಮಾಡದು. ಒಂದೇ ಒಂದು ಹನಿಯ ಅಂಶ ತೇವ ಒಳಗೆ ಉಳಿದಿದ್ದರೆ ಆಟ ಶುರು. ತೇವದಿಂದ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಅದು ಗಾಜಿನ ಸಿಲಿಕಾ ಕೊರೆಯುತ್ತದೆ, ಕೊರೆದಾಗ ಹೊಸದಾಗಿ ನೀರು ಹುಟ್ಟುತ್ತದೆ, ಆ ನೀರಿನಿಂದ ಮತ್ತೆ ಹೈಡ್ರೋಜನ್ ಫ್ಲೋರೈಡ್. ಗಾಜು ಇಲ್ಲವೇ ಯುಎಫ್-6, ಎರಡರಲ್ಲಿ ಒಂದು ಮುಗಿಯುವ ತನಕ ಇದು ನಿಲ್ಲುವುದಿಲ್ಲ.

ಎಣ್ಣೆ, ಗ್ರೀಸು, ರಬ್ಬರ್ ಕೂಡ ಹತ್ತಿರ ಬರುವಂತಿಲ್ಲ. ಸಾದಾ ಪಂಪಿನ ಎಣ್ಣೆ ಸಿಲಿಂಡರಿಗೆ ಸೇರಿ ಬಿಸಿಯಾದರೆ ಸಿಡಿಯುವ ಸಂಭವವಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಯುಎಫ್-6 ಆಧರಿಸಿದ ದೊಡ್ಡ ಸ್ಥಾವರ ಕಟ್ಟುವಾಗ ಸೀಲುಗಳಿಗೆ ಏನು ಹಾಕುವುದು ಎಂಬುದೇ ತಲೆನೋವಾಗಿತ್ತು. ಆಗ ಕೈಹಿಡಿದದ್ದು 1938ರಲ್ಲಿ ರಾಯ್ ಪ್ಲಂಕೆಟ್ ಅಕಸ್ಮಾತ್ತಾಗಿ ಕಂಡುಹಿಡಿದಿದ್ದ, ಫ್ಲೋರಿನ್ನಿನಿಂದಲೇ ಆದ ಪ್ಲಾಸ್ಟಿಕ್. ಅದೇ ಟೆಫ್ಲಾನ್. ನಾನ್‌ಸ್ಟಿಕ್ ಹೆಂಚಾಗಿ ನಮ್ಮ ಅಡುಗೆಮನೆಗೆ ಬರುವ ಮೊದಲು ಅದು ಮಾಡಿದ ಚಾಕರಿ ಇದು.

ಇನ್ನೊಂದು ಅನುಕೂಲವೂ ಇದೆ. ಸೆಂಟ್ರಿಫ್ಯೂಜಿನೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಕೊಳವೆ ಬಿರಿದರೆ ಮೊದಲು ಹೊರಗಿನ ಗಾಳಿ ಒಳನುಗ್ಗುತ್ತದೆ. ಪ್ರತಿ ಯಂತ್ರದಲ್ಲಿ ಇರುವ ಯುಎಫ್-6 ಕೂಡ ಬಹಳ ಕಡಿಮೆ. ಟನ್ನುಗಟ್ಟಲೆ ಇರುವುದು ಸಿಲಿಂಡರುಗಳಲ್ಲಿ. ಅವನ್ನು ಕಾಯಿಸಿ ದ್ರವ ಮಾಡಿದ ಹೊತ್ತೇ ಹೆಚ್ಚು ಎಚ್ಚರದ ಹೊತ್ತು.

ಸಂವರ್ಧನೆ ಮುಗಿದ ಮೇಲೆ ಉಳಿಯುವ ‘ಬಡ’ ಯುಎಫ್-6 ದೊಡ್ಡ ರಾಶಿ. ಅಮೆರಿಕದ ಕೆಂಟಕಿ ಮತ್ತು ಒಹಾಯೊ ರಾಜ್ಯಗಳಲ್ಲಿ ಸುಮಾರು 7 ಲಕ್ಷ ಟನ್ ಹೀಗೆ ಬಯಲಿನ ಸಿಲಿಂಡರುಗಳಲ್ಲಿ ಉಳಿದಿತ್ತು. ಈಗ ಅದನ್ನು ಹಬೆ, ಹೈಡ್ರೋಜನ್ ಹಾಯಿಸಿ ಮತ್ತೆ ಆಕ್ಸೈಡ್ ಮಾಡುತ್ತಿದ್ದಾರೆ. ಹೊರಬಂದ ಹೈಡ್ರೋಫ್ಲೋರಿಕ್ ಆಮ್ಲವನ್ನು ಉದ್ದಿಮೆಗಳಿಗೆ ಮಾರುತ್ತಾರೆ.

ಗಣಿಯ ಪ್ರಶ್ನೆ ಬೇರೆ

ಯುಎಫ್-6 ಗೋಗಿಯಲ್ಲಿ ಇಲ್ಲ ಎಂದಮಾತ್ರಕ್ಕೆ ಗಣಿಗೆ ಅಪಾಯಗಳೇ ಇಲ್ಲ ಎಂದಲ್ಲ, ಅವು ಬೇರೆ ಜಾತಿಯವು. ಯುರೇನಿಯಂ ಕ್ಷಯಿಸುತ್ತಾ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಗಾಳಿಯಾಡದ ಸುರಂಗದಲ್ಲಿ ಅದು ಸೇರಿಕೊಂಡರೆ ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ. ಅದಕ್ಕೆ ಗಣಿಯೊಳಗೆ ಜೋರು ಗಾಳಿ ಹಾಯಿಸುವುದು ಕಡ್ಡಾಯ. ಯುರೇನಿಯಂ ತೆಗೆದ ಮೇಲೆ ಉಳಿಯುವ ಕೆಸರಿನಲ್ಲಿ ರೇಡಿಯಂ ಬಹುಪಾಲು ಹಾಗೇ ಇರುತ್ತದೆ. ಆ ಕೆಸರಿನ ಹೊಂಡದ ತಳ ಹೇಗಿದೆ, ನೀರು ಎತ್ತ ಹರಿಯುತ್ತದೆ ಎಂಬುದೇ ಯಾವ ಯುರೇನಿಯಂ ಗಣಿಯ ಬಗ್ಗೆಯೂ ಕೇಳಬೇಕಾದ ಮೊದಲ ಪ್ರಶ್ನೆ. ಟಿವಿಯ ‘ಗ್ಯಾಸ್ ಸೋರಿಕೆ’ಗೂ ಇದಕ್ಕೂ ಸಂಬಂಧ ಇಲ್ಲ.

ಬೋರ್‌ವೆಲ್ಲಿನ ಫ್ಲೋರೈಡ್ ಇದೇನಾ?

ಯಾದಗಿರಿ, ಕಲಬುರಗಿಯ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲಿನ ಕಂದು ಕಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರು ಒಂದೇ ಆದ್ದರಿಂದ ಗೊಂದಲ ಸಹಜ, ಆದರೆ ಆ ಫ್ಲೋರೈಡ್ ಯುರೇನಿಯಂ ಕಾರ್ಖಾನೆಯಿಂದ ಬಂದದ್ದಲ್ಲ. ಗ್ರಾನೈಟಿನಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿಂದ ಆಳದ ನೀರಿಗೆ ನಿಧಾನವಾಗಿ ಇಳಿದದ್ದು. ಅದು ಬಿಡಿ ಅಯಾನು, ಅಂದರೆ ಒಂದು ಎಲೆಕ್ಟ್ರಾನು ಆಗಲೇ ಪಡೆದ ಪರಮಾಣು, ಹಾಗಾಗಿ ಎಲೆಕ್ಟ್ರಾನಿನ ಹಸಿವು ತೀರಿರುತ್ತದೆ. ಫ್ಲೋರಿನ್ ಅನಿಲದ ಹಾಗೆ ಸುಡುವುದಿಲ್ಲ.

ಒಂದು ಹಳೆಯ ಚಟ ಮಾತ್ರ ಬಿಟ್ಟಿಲ್ಲ, ಕ್ಯಾಲ್ಸಿಯಂ ಹಿಂದೆ ಬೀಳುವುದು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಎರಡೂ ಸೇರಿ ಕರಗದ ಉಪ್ಪಾಗಿ ತಳ ಸೇರುತ್ತವೆ, ಹಾಗಾಗಿ ಗಡಸು ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ನಿಲ್ಲುವುದಿಲ್ಲ. ಕ್ಯಾಲ್ಸಿಯಂ ಕಡಿಮೆ ಇರುವ ಸೋಡಾ ಅಂಶದ ನೀರಿನಲ್ಲಿ ಏರುತ್ತದೆ. ಆ ನೀರು ಕುಡಿದರೆ ಅದು ಹಲ್ಲು, ಮೂಳೆಯ ಕ್ಯಾಲ್ಸಿಯಂ ಹುಡುಕಿಕೊಂಡು ಹೋಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರು ಇಲ್ಲದಿದ್ದರೆ 1.5 ತನಕ ಒಪ್ಪಬಹುದು.

ಗ್ರಾನೈಟ್ ನೆಲದ ನೀರಿನಲ್ಲಿ ಯುರೇನಿಯಮ್ಮೂ ತುಸು ಇರಬಹುದು. ಅದೂ ಯುಎಫ್-6 ಅಲ್ಲ, ಕಾರ್ಬೋನೇಟ್ ಜೊತೆ ಸೇರಿ ಕರಗಿದ ರೂಪ. ಅಡುಗೆ ಸೋಡಾ ದ್ರಾವಣದಲ್ಲಿ ಅದಿರು ಕರಗುವ ಅದೇ ಕ್ರಿಯೆ ನೆಲದಡಿ ತಾನಾಗಿ ನಡೆದಿರುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇಲ್ಲೂ ಮಿತಿ ಹಾಕಿದ್ದು ಮೂತ್ರಪಿಂಡದ ಲೆಕ್ಕದಲ್ಲಿ.

ಇವೆರಡೂ ಬಣ್ಣ, ವಾಸನೆ, ರುಚಿಯಿಂದ ಗೊತ್ತಾಗುವುದಿಲ್ಲ, ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟೇ ತಿಳಿಯಬೇಕು. ಫ್ಲೋರೈಡಿಗೆ ಆರ್‌ಓ, ಅಲ್ಯುಮಿನಾ ಸೋಸುಕ, ಇಲ್ಲವೇ ಪಟಕ ಮತ್ತು ಸುಣ್ಣ ಹಾಕಿ ತಿಳಿಗೊಳಿಸುವ ನಲಗೊಂಡ ವಿಧಾನ ಕೆಲಸ ಮಾಡುತ್ತವೆ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಪಾತ್ರೆಯಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.